ರೈಫಲ್ ತೋಟಾದಲ್ಲಿ ಗುಂಡಿನ ಹಿಡಿತ: ಕೊರಳಿನ ಬಿಗಿ ಮತ್ತು ಕ್ರಿಂಪ್

ಒಂದು ಲೋಹದ ಕೊಳವೆಯೊಳಕ್ಕೆ, ಅದರ ರಂಧ್ರಕ್ಕಿಂತ ಕೂದಲೆಳೆಯಷ್ಟು ಮಾತ್ರ ದಪ್ಪವಾದ ಮತ್ತೊಂದು ಲೋಹದ ತುಂಡನ್ನು ಒತ್ತಿ ಕೂರಿಸಿದರೆ ಆ ತುಂಡು ಅಲ್ಲಿಯೇ ಕಚ್ಚಿಕೊಂಡು ನಿಲ್ಲುತ್ತದೆ. ಎಷ್ಟು ಬಲವಾಗಿ ನಿಲ್ಲುತ್ತದೆ? ಆ ಬಲವನ್ನು ಹೆಚ್ಚಿಸಬೇಕಾದರೆ ತುಂಡನ್ನು ಇನ್ನಷ್ಟು ದಪ್ಪವಾಗಿಸಬೇಕೆ, ಅಥವಾ ಕೊಳವೆಯ ಬಾಯಂಚನ್ನು ಒಳಕ್ಕೆ ಬಾಗಿಸಿ ಕಟ್ಟು ಹಾಕಬೇಕೆ? ನೋಡುವುದಕ್ಕೆ ಸರಳವಾದ ಈ ಪ್ರಶ್ನೆ ಯಂತ್ರಶಾಸ್ತ್ರದ ಅನೇಕ ಎಡೆಗಳಲ್ಲಿ ತಲೆದೋರುತ್ತದೆ. ಆದರೆ ಇದು ಬಹುಕಾಲದಿಂದ ಬಿಡದೆ ಚರ್ಚೆಯಾಗುತ್ತ ಬಂದಿರುವುದು ರೈಫಲ್ಲಿನ ತೋಟಾಗಳನ್ನು ಕೈಯಿಂದ ತುಂಬಿಕೊಳ್ಳುವವರ ನಡುವೆ. ಗುಂಡನ್ನು ಹಿಡಿದಿಡುವುದಕ್ಕೆ ತೋಟಾದ ಕೊರಳಿನ ಬಿಗಿಯೇ ಸಾಕೆಂದು ಒಂದು ಪಕ್ಷ, ಬಾಯಂಚನ್ನು ಒತ್ತಿ ಕ್ರಿಂಪ್ ಮಾಡಲೇಬೇಕೆಂದು ಇನ್ನೊಂದು ಪಕ್ಷ.

ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆಯ ಕೋಶವನ್ನು ಮತ್ತೆ ಅಳತೆಗೆ ತಂದು, ಹೊಸ ಕೇಪು, ಮದ್ದು, ಗುಂಡುಗಳನ್ನು ಕೂರಿಸುವ ಈ ಕೈಕೆಲಸ ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಬೇಟೆಗಾರರ ಮತ್ತು ಗುರಿಕಾರರ ಹವ್ಯಾಸವಾಗಿ ಬೆಳೆದಿದೆ. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಅಧಿನಿಯಮದ ಪ್ರಕಾರ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ. ಆದಕಾರಣ ಈ ಲೇಖನಕ್ಕೆ ಆ ಕೆಲಸವನ್ನು ಕಲಿಸುವ ಉದ್ದೇಶವಿಲ್ಲ. ಪದಾರ್ಥಗಳ ಸ್ಥಿತಿಸ್ಥಾಪಕತೆ, ಘರ್ಷಣೆ, ಜಡತ್ವ ಎಂದು ನಾವು ತರಗತಿಯಲ್ಲಿ ಬಿಡಿಬಿಡಿಯಾಗಿ ಬೋಧಿಸುವ ವಿಷಯಗಳು ಬೆರಳುದ್ದದ ಒಂದು ವಸ್ತುವಿನಲ್ಲಿ ಹೇಗೆ ಒಟ್ಟುಗೂಡುತ್ತವೆ, ಅವುಗಳನ್ನು ಒಂದರೊಡನೊಂದು ಬೆರೆಸಿ ತಪ್ಪು ತಿಳಿದರೆ ಏನಾಗುತ್ತದೆ ಎಂಬುದನ್ನು ತೋರಿಸುವುದಷ್ಟೇ ಇಲ್ಲಿಯ ಗುರಿ.

1. ತೋಟಾದ ರಚನೆ

ಆಧುನಿಕ ರೈಫಲ್ ತೋಟಾದಲ್ಲಿ ನಾಲ್ಕು ಅಂಗಗಳಿವೆ. ಮೊದಲನೆಯದು ಹಿತ್ತಾಳೆಯ ಕೋಶ. ಬಳಕೆಯಲ್ಲಿ ಇದಕ್ಕೆ ಕೇಸು ಎನ್ನುತ್ತಾರೆ. ಇದರ ತಳದಲ್ಲಿ ಹೊಡೆತಕ್ಕೆ ಕಿಡಿ ಕೊಡುವ ಕೇಪು, ಒಡಲಿನಲ್ಲಿ ಹೊಗೆರಹಿತ ಮದ್ದು, ಬಾಯಿಯಲ್ಲಿ ಗುಂಡು. ಕೋಶದ ಒಡಲು ಅಗಲವಾಗಿದ್ದು, ಮೇಲುಗಡೆ ಹೆಗಲಿನಂತೆ ಇಳಿದು, ಗುಂಡನ್ನು ಹಿಡಿಯುವ ಕಿರಿದಾದ ಕೊರಳಾಗುತ್ತದೆ. ಕೋಶಕ್ಕೆ ಬಳಸುವ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವು. ತೆಳುವಾಗಿ ಎಳೆದರೂ ಹರಿಯದಂತಹ ಗುಣ ಈ ಮಿಶ್ರಲೋಹಕ್ಕಿರುವುದರಿಂದ ಇದನ್ನು ಆರಿಸಿಕೊಳ್ಳಲಾಗಿದೆ.

ಉದಾಹರಣೆಗಾಗಿ 1952ರಲ್ಲಿ ಮಾರುಕಟ್ಟೆಗೆ ಬಂದ 308 ವಿಂಚೆಸ್ಟರ್ ಎಂಬ ತೋಟಾವನ್ನು ತೆಗೆದುಕೊಳ್ಳೋಣ. ಅದರ ಗುಂಡಿನ ವ್ಯಾಸ 7.82 ಮಿಲಿಮೀಟರು, ಕೊರಳಿನ ಉದ್ದ ಸುಮಾರು 7.7 ಮಿಲಿಮೀಟರು, ಕೊರಳಿನ ಗೋಡೆಯ ದಪ್ಪ ಸುಮಾರು 0.38 ಮಿಲಿಮೀಟರು. ಕೋಶವನ್ನು ಅಳತೆಗೆ ತರುವಾಗ ಕೊರಳಿನ ಒಳವ್ಯಾಸವನ್ನು ಗುಂಡಿನ ವ್ಯಾಸಕ್ಕಿಂತ ಸ್ವಲ್ಪ ಕಡಮೆ ಇರುವಂತೆ ಒತ್ತುತ್ತಾರೆ. ಈ ವ್ಯತ್ಯಾಸ ಸಾಮಾನ್ಯವಾಗಿ ಅಂಗುಲದ ಸಾವಿರದಲ್ಲಿ ಒಂದರಿಂದ ಮೂರು ಭಾಗ, ಎಂದರೆ ಮಿಲಿಮೀಟರಿನ ನೂರರಲ್ಲಿ ಎರಡೂವರೆಯಿಂದ ಏಳೂವರೆ ಭಾಗ. ಗುಂಡನ್ನು ಒತ್ತಿದಾಗ ಕೊರಳು ಅಷ್ಟು ಹಿಗ್ಗುತ್ತದೆ. ಹಿಗ್ಗಿದ ಲೋಹ ಮತ್ತೆ ಕುಗ್ಗಲು ಯತ್ನಿಸಿ ಗುಂಡನ್ನು ಅಪ್ಪಿಕೊಳ್ಳುತ್ತದೆ. ಇದನ್ನೇ ಕೊರಳಿನ ಬಿಗಿ ಎಂದು ಕರೆಯುತ್ತಾರೆ.

ನಮ್ಮ ಹಳ್ಳಿಗಳಲ್ಲಿ ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟೆ ಹಾಕುವುದನ್ನು ಕಂಡವರಿಗೆ ಈ ತತ್ತ್ವ ಹೊಸದಲ್ಲ. ಚಕ್ರಕ್ಕಿಂತ ತುಸು ಚಿಕ್ಕದಾದ ಪಟ್ಟೆಯನ್ನು ಕೆಂಪಗೆ ಕಾಯಿಸಿ, ಹಿಗ್ಗಿದಾಗ ಚಕ್ರದ ಮೇಲೆ ಕೂರಿಸಿ ನೀರು ಸುರಿಯುತ್ತಾರೆ. ತಣ್ಣಗಾದ ಪಟ್ಟೆ ಕುಗ್ಗಿ ಚಕ್ರದ ಕೀಲುಗಳನ್ನೆಲ್ಲ ಬಿಗಿಯುತ್ತದೆ. ತೋಟಾದಲ್ಲಿ ಕಾಯಿಸುವ ಬದಲು ಒತ್ತುತ್ತಾರೆ ಎಂಬುದಷ್ಟೇ ಭೇದ.

ಕ್ರಿಂಪ್ ಎಂಬುದು ಬೇರೆಯ ಜಾತಿಯ ಹಿಡಿತ. ಗುಂಡಿನ ಸುತ್ತ ಮೊದಲೇ ಕೊರೆದಿರುವ ಒಂದು ಗಾಡಿಯೊಳಕ್ಕೆ ಕೊರಳಿನ ಬಾಯಂಚನ್ನು ಬಾಗಿಸಿ ಕೂರಿಸುವುದೇ ಕ್ರಿಂಪ್. ಸೋಡಾ ಸೀಸೆಯ ತಗಡಿನ ಮುಚ್ಚಳವು ಅಂಚಿನ ಮಡಿಕೆಗಳಿಂದ ಸೀಸೆಯ ಬಾಯನ್ನು ಕಚ್ಚಿರುವಂತೆ ಇದು. ಅಂಚನ್ನು ದುಂಡಗೆ ಒಳಕ್ಕೆ ಮಡಿಸುವುದು ಒಂದು ಬಗೆ, ಮಡಿಸದೆ ಬಾಯಿಯ ಕಡೆಗೆ ಸ್ವಲ್ಪ ಸ್ವಲ್ಪವಾಗಿ ಕಿರಿದಾಗುವಂತೆ ಒತ್ತುವುದು ಇನ್ನೊಂದು ಬಗೆ. ಬಿಗಿಯಲ್ಲಿ ಇಡೀ ಕೊರಳು ಘರ್ಷಣೆಯಿಂದ ಹಿಡಿಯುತ್ತದೆ. ಕ್ರಿಂಪಿನಲ್ಲಿ ಅಂಚು ಮಾತ್ರ ಅಡ್ಡ ನಿಂತು ತಡೆಯುತ್ತದೆ. ಒಂದು ಅಪ್ಪುಗೆ, ಇನ್ನೊಂದು ಅಗುಳಿ. ಮುಂದಿನ ಚರ್ಚೆಗೆಲ್ಲ ಈ ಭೇದವೇ ಆಧಾರವಾಗಿರುವುದರಿಂದ ವಾಚಕರು ಇದನ್ನು ಮನಸ್ಸಿನಲ್ಲಿಡಬೇಕು.

2. ಉದ್ದವನ್ನು ಬಲವೆಂದು ಎಣಿಸುವ ತಪ್ಪು

ಕೊರಳಿನ ಬಿಗಿಯನ್ನು ಕುರಿತು ಮಾತನಾಡುವವರು "ಇದರ ಬಿಗಿ ಎರಡು ಸಾವಿರಾಂಶ, ಅದರದು ಮೂರು" ಎಂದು ಅಂಗುಲದ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಇಲ್ಲಿ ಹೇಳುತ್ತಿರುವುದು ಎರಡು ವ್ಯಾಸಗಳ ವ್ಯತ್ಯಾಸವನ್ನು, ಎಂದರೆ ಒಂದು ಉದ್ದವನ್ನು. ಹಿಡಿತವಾದರೋ ಒಂದು ಬಲ. ಉದ್ದವು ಬಲಕ್ಕೆ ಅನುಪಾತದಲ್ಲಿರುವ ತನಕ ಒಂದರ ಬದಲು ಇನ್ನೊಂದನ್ನು ಹೇಳಿದರೆ ಬಾಧಕವಿಲ್ಲ. ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮವು ಹೇಳುವುದು ಈ ಅನುಪಾತವನ್ನೇ. ಆದರೆ ಹುಕ್ಕನ ನಿಯಮಕ್ಕೆ ಒಂದು ಮೇರೆಯಿದೆ. ಪದಾರ್ಥವು ಸ್ಥಿತಿಸ್ಥಾಪಕ ಮಿತಿಯನ್ನು ದಾಟಿದ ಮೇಲೆ ಆ ಅನುಪಾತ ಉಳಿಯುವುದಿಲ್ಲ. ತೋಟಾದ ಕೊರಳು ಆ ಮೇರೆಯ ಯಾವ ಕಡೆಗಿದೆ ಎಂಬುದನ್ನು ಲೆಕ್ಕ ಹಾಕಿ ನೋಡೋಣ.

ಹಿತ್ತಾಳೆಯ ಯಂಗ್ ಗುಣಾಂಕ ಸುಮಾರು 1,10,000 ಮೆಗಾಪಾಸ್ಕಲ್. ವ್ಯಾಸದ ವ್ಯತ್ಯಾಸ 0.05 ಮಿಲಿಮೀಟರು, ಎಂದರೆ ಸುಮಾರು ಎರಡು ಸಾವಿರಾಂಶ ಅಂಗುಲ ಎಂದಿಟ್ಟುಕೊಂಡರೆ, 7.82 ಮಿಲಿಮೀಟರಿಗೆ ಅದು ನೂರಕ್ಕೆ 0.64ರಷ್ಟು ಹಿಗ್ಗುವಿಕೆ. ಹುಕ್ಕನ ನಿಯಮ ಕೊನೆಯವರೆಗೂ ಸಲ್ಲುವುದಾದರೆ ಕೊರಳಿನ ಗೋಡೆಯಲ್ಲಿ 700 ಮೆಗಾಪಾಸ್ಕಲ್ಲಿನ ಪ್ರತಿಬಲ ಉಂಟಾಗಬೇಕು. ಆದರೆ ಅಷ್ಟನ್ನು ಹೊರುವ ಶಕ್ತಿ ಈ ಹಿತ್ತಾಳೆಗಿಲ್ಲ. ಕಾಯಿಸಿ ಮೆದುಗೊಳಿಸಿದ ಹಿತ್ತಾಳೆ 100 ಮೆಗಾಪಾಸ್ಕಲ್ಲಿನ ಆಸುಪಾಸಿನಲ್ಲಿಯೇ ಮಣಿಯುತ್ತದೆ. ತಣ್ಣಗಿರುವಾಗ ಎಳೆದು ಒತ್ತಿ ಗಟ್ಟಿಮಾಡಿದ್ದು ಇದರ ಮೂರು ನಾಲ್ಕು ಪಟ್ಟಿಗೆ ಮಣಿಯುತ್ತದೆ. ನಮ್ಮ ಉದಾಹರಣೆಯ ಕೊರಳು 300 ಮೆಗಾಪಾಸ್ಕಲ್ಲಿಗೆ ಮಣಿಯುವುದೆಂದು ಭಾವಿಸಿದರೆ, ಸ್ಥಿತಿಸ್ಥಾಪಕ ಮಿತಿ ಬರುವುದು ನೂರಕ್ಕೆ 0.27ರಷ್ಟು ಹಿಗ್ಗಿದಾಗ, ವ್ಯಾಸದ ಲೆಕ್ಕದಲ್ಲಿ 0.021 ಮಿಲಿಮೀಟರು. ಇದು ಅಂಗುಲದ ಸಾವಿರದ ಒಂದು ಭಾಗಕ್ಕಿಂತಲೂ ಕಡಮೆ!

ಇದರಿಂದ ಹೊರಡುವ ತೀರ್ಮಾನ ಸ್ಪಷ್ಟವಾಗಿದೆ. ರೂಢಿಯಲ್ಲಿರುವ ಬಿಗಿಗಳಲ್ಲಿ ಬಹುಪಾಲು ಸ್ಥಿತಿಸ್ಥಾಪಕ ಮಿತಿಯಿಂದಾಚೆಗಿನವು. ಮೊದಲ ಸಾವಿರಾಂಶದೊಳಗೇ ಕೊರಳು ತನ್ನ ಶಕ್ತಿಯಷ್ಟನ್ನೂ ಬಹುಮಟ್ಟಿಗೆ ಕೊಟ್ಟುಬಿಟ್ಟಿರುತ್ತದೆ. ಆಮೇಲೆ ಕೊರಳನ್ನು ಇನ್ನೂ ಕಿರಿದು ಮಾಡಿದರೆ, ಗುಂಡು ಒಳಹೊಗುವಾಗ ಹಿತ್ತಾಳೆ ಶಾಶ್ವತವಾಗಿ ಹಿಗ್ಗುತ್ತದೆಯೇ ಹೊರತು ಹಿಡಿತ ಅದೇ ಅನುಪಾತದಲ್ಲಿ ಹೆಚ್ಚುವುದಿಲ್ಲ. ಗುಂಡನ್ನು ಕೂರಿಸಲು ಹೆಚ್ಚು ಬಲ ಬೇಕಾಗುತ್ತದೆ, ಗುಂಡಿನ ಹೊದಿಕೆ ತರಚಬಹುದು, ಗುಂಡು ಓರೆಯಾಗಬಹುದು, ಲಾಭವಾದರೋ ಅತ್ಯಲ್ಪ. ಮೇರೆ ದಾಟಿದ ಮೇಲೆ ಹಿಡಿತವನ್ನು ನಿರ್ಧರಿಸುವುವು ಮೂರು ಸಂಗತಿಗಳು: ಹಿತ್ತಾಳೆಯ ಗಡಸುತನ, ಗೋಡೆಯ ದಪ್ಪ, ಎರಡು ಲೋಹಗಳ ನಡುವಣ ಘರ್ಷಣೆ. ವ್ಯಾಸವನ್ನಳೆಯುವ ಉಪಕರಣ ಈ ಮೂರರಲ್ಲಿ ಗಡಸುತನವನ್ನಾಗಲಿ ಘರ್ಷಣೆಯನ್ನಾಗಲಿ ತಿಳಿಸಲಾರದು.

3. ಹಿಡಿತದ ಪ್ರಮಾಣ

ಈ ಹಿಡಿತ ಎಷ್ಟು ಎಂಬುದನ್ನು ಸ್ಥೂಲವಾಗಿ ಎಣಿಸಬಹುದು. ತೆಳುಗೋಡೆಯ ಕೊಳವೆಯನ್ನು ಉದ್ದುದ್ದಕ್ಕೆ ಎರಡು ಹೋಳು ಮಾಡಿದಂತೆ ಊಹಿಸಿಕೊಂಡು ಬಲಗಳನ್ನು ಸರಿದೂಗಿಸಿದರೆ, ಗೋಡೆಯ ಪ್ರತಿಬಲವನ್ನು ಗೋಡೆಯ ದಪ್ಪದಿಂದ ಗುಣಿಸಿ ಒಳತ್ರಿಜ್ಯದಿಂದ ಭಾಗಿಸಿದಾಗ ಬರುವುದೇ ಗುಂಡಿನ ಮೈಮೇಲಿನ ಒತ್ತಡ ಎಂದು ತಿಳಿಯುತ್ತದೆ. 300ನ್ನು 0.38ರಿಂದ ಗುಣಿಸಿ 3.91ರಿಂದ ಭಾಗಿಸಿದರೆ ಸುಮಾರು 29 ಮೆಗಾಪಾಸ್ಕಲ್. ಕೊರಳಿನ 6 ಮಿಲಿಮೀಟರು ಉದ್ದವು ಗುಂಡಿಗೆ ತಾಗಿದ್ದರೆ ತಾಗಿರುವ ಮೈ 147 ಚದರ ಮಿಲಿಮೀಟರು. ಅದರ ಮೇಲೆ ಲಂಬವಾಗಿ ಬೀಳುವ ಒಟ್ಟು ಬಲ ಸುಮಾರು 4,260 ನ್ಯೂಟನ್. ಘರ್ಷಣೆಯ ಗುಣಾಂಕವನ್ನು 0.1 ಎಂದು ತೆಗೆದುಕೊಂಡರೆ ಗುಂಡನ್ನು ಕೀಳಲು ಬೇಕಾದ ಬಲ 426 ನ್ಯೂಟನ್, ಎಂದರೆ 43 ಕಿಲೋಗ್ರಾಂ ತೂಕದಷ್ಟು. ಗುಣಾಂಕ 0.2 ಆದರೆ ಇದು ಇಮ್ಮಡಿಯಾಗುತ್ತದೆ. ಕೊರಳಿನೊಳಗೆ ಉಳಿದ ಮಸಿ, ಒರೆಸದ ಎಣ್ಣೆ, ಉಜ್ಜಿ ಬೆಳಗಿದ ನುಣುಪು ಇವೆಲ್ಲ ಈ ಗುಣಾಂಕವನ್ನು ಬದಲಿಸಬಲ್ಲವು. ಒಂದೇ ಅಳತೆಯ ಎರಡು ಕೊರಳುಗಳಲ್ಲಿ ಹಿಡಿತ ಬೇರೆ ಬೇರೆಯಾಗುವುದು ಹೇಗೆಂಬುದು ಇದರಿಂದ ತಿಳಿಯುತ್ತದೆ.

ಇನ್ನು ಈ ಹಿಡಿತವನ್ನು ಮದ್ದಿನ ಅನಿಲದ ಒತ್ತಡದೊಡನೆ ಹೋಲಿಸೋಣ. ಗುಂಡಿನ ತಳದ ಕ್ಷೇತ್ರಫಲ 48 ಚದರ ಮಿಲಿಮೀಟರು. 426 ನ್ಯೂಟನ್ನಿನ ಹಿಡಿತವನ್ನು ಗೆಲ್ಲಲು 9 ಮೆಗಾಪಾಸ್ಕಲ್ ಒತ್ತಡವಿದ್ದರೆ ಸಾಕು. ಆದರೆ ಈ ತೋಟಾಕ್ಕೆ ಅನುಮತಿಸಿರುವ ಗರಿಷ್ಠ ಒತ್ತಡ ಯೂರೋಪಿನ ಮಾನದಂಡದಂತೆ 415 ಮೆಗಾಪಾಸ್ಕಲ್. ಹಿಡಿತವು ಗೆಲ್ಲಲ್ಪಡುವುದು ಗರಿಷ್ಠ ಒತ್ತಡದ ನಲವತ್ತೈದರಲ್ಲಿ ಒಂದು ಭಾಗಕ್ಕೇ. ಗುಂಡು ಕೊರಳನ್ನು ಬಿಟ್ಟ ಮೇಲೆ ನಳಿಗೆಯ ಸುರುಳಿಗೆರೆಗಳಲ್ಲಿ ಕೊರೆಯಲ್ಪಟ್ಟು ಮುಂದೆ ಸಾಗಬೇಕಾಗುತ್ತದೆ. ಅದಕ್ಕೆ ಬೇಕಾದ ಬಲ ಸಾಮಾನ್ಯವಾಗಿ ಕೊರಳಿನ ಹಿಡಿತಕ್ಕಿಂತ ದೊಡ್ಡದು.

ಹಾಗಾದರೆ ಕೊರಳಿನ ಹಿಡಿತಕ್ಕೆ ಬೆಲೆಯೇ ಇಲ್ಲವೆ? ಇದೆ, ಆದರೆ ಆ ಬೆಲೆ ಪ್ರಾರಂಭದ ಕ್ಷಣಕ್ಕೆ ಸೇರಿದುದು. 1884ರಲ್ಲಿ ಹೊಗೆರಹಿತ ಮದ್ದನ್ನು ಫ್ರಾನ್ಸಿನಲ್ಲಿ ಸಿದ್ಧಪಡಿಸಿದ ಪಾಲ್ ವಿಯೇಯ್ ಅವರ ಹೆಸರಿನಿಂದ ಪ್ರಸಿದ್ಧವಾದ ನಿಯಮವೊಂದಿದೆ. ಅದರಂತೆ ಮದ್ದು ಉರಿಯುವ ವೇಗ ಸುತ್ತಲಿನ ಒತ್ತಡವನ್ನು ಅವಲಂಬಿಸಿದೆ: ಒತ್ತಡ ಹೆಚ್ಚಿದಷ್ಟೂ ಉರಿ ಚುರುಕಾಗುತ್ತದೆ, ಉರಿ ಚುರುಕಾದಷ್ಟೂ ಒತ್ತಡ ಏರುತ್ತದೆ. ಗುಂಡು ತುಸು ತಡವಾಗಿ ಕದಲಿದರೆ ಅನಿಲಕ್ಕೆ ದೊರೆಯುವ ಜಾಗ ಅಷ್ಟು ಕಾಲ ಹಿಗ್ಗದೆ ಉಳಿಯುತ್ತದೆ, ಮುಂದಿನ ಏರಿಕೆಯೆಲ್ಲ ಅದರಿಂದ ಮಾರ್ಪಡುತ್ತದೆ. ಆದುದರಿಂದ ಗುರಿಕಾರನಿಗೆ ಬೇಕಾದುದು ದೊಡ್ಡ ಹಿಡಿತವಲ್ಲ; ತೋಟಾದಿಂದ ತೋಟಾಕ್ಕೆ ಬದಲಾಗದ ಹಿಡಿತ. ಗುಂಡಿನ ವೇಗ ಸೆಕೆಂಡಿಗೆ 800 ಮೀಟರಿನಿಂದ 790 ಮೀಟರಿಗೆ ಇಳಿದರೆ, ಗಾಳಿಯ ತಡೆಯನ್ನು ಎಣಿಸದಿದ್ದರೂ, 600 ಮೀಟರು ದೂರದಲ್ಲಿ ಅದು 7 ಸೆಂಟಿಮೀಟರು ಕೆಳಗೆ ಬೀಳುತ್ತದೆ. ಗಾಳಿಯ ತಡೆ ಸೇರಿದರೆ ಈ ಅಂತರ ಇನ್ನೂ ದೊಡ್ಡದು.

4. ಕ್ರಿಂಪ್ ಬೇಕಾಗುವ ಸಂದರ್ಭಗಳು

ಕ್ರಿಂಪಿನ ಮುಖ್ಯ ಕೆಲಸವಿರುವುದು ತೋಟಾ ಹಾರುವ ಗಳಿಗೆಯಲ್ಲಲ್ಲ, ಅದಕ್ಕೆ ಮೊದಲು. ತೋಟಾವು ಕುಲುಕಾಟ, ಒತ್ತು, ಜಜ್ಜುಗಳಿಗೆ ಗುರಿಯಾಗುವ ಕಡೆಗಳಲ್ಲಿ ಗುಂಡು ಹಿಂದಕ್ಕಾಗಲಿ ಮುಂದಕ್ಕಾಗಲಿ ಜರುಗದಂತೆ ಅದು ಅಗುಳಿಯಾಗಿ ನಿಲ್ಲುತ್ತದೆ. ಗುಂಡು ಹಿಂದಕ್ಕೆ ಸರಿದು ಕೋಶದೊಳಗೆ ಇಳಿದರೆ ಮದ್ದಿಗೆ ಇರುವ ಜಾಗ ಕಿರಿದಾಗಿ, ಹಾರಿಸಿದಾಗ ಒತ್ತಡ ಏರುವ ಅಪಾಯವುಂಟು. ಮುಂದಕ್ಕೆ ಸರಿದರೆ ತೋಟಾ ಉದ್ದವಾಗಿ ರೈಫಲ್ಲಿನ ಕೋಣೆಗೆ ಸರಿಯಾಗಿ ಹೋಗದು.

ಮೊದಲನೆಯ ಸಂದರ್ಭ ಕೊಳವೆಯಾಕಾರದ ತೋಟಾಮನೆಯುಳ್ಳ ರೈಫಲ್ಲುಗಳದು. 1895ರಲ್ಲಿ ಬಳಕೆಗೆ ಬಂದ 30-30 ವಿಂಚೆಸ್ಟರ್ ತೋಟಾವನ್ನು ಹಾರಿಸುವ ಸನ್ನೆ ರೈಫಲ್ಲುಗಳಲ್ಲಿ ನಳಿಗೆಯ ಕೆಳಗಿನ ಕೊಳವೆಯೊಂದರಲ್ಲಿ ತೋಟಾಗಳು ಒಂದರ ಹಿಂದೊಂದು ಮಲಗಿರುತ್ತವೆ. ಸ್ಪ್ರಿಂಗು ಅವುಗಳನ್ನು ಸದಾ ಒತ್ತುತ್ತಿರುತ್ತದೆ. ಪ್ರತಿಸಲ ಹಾರಿಸಿದಾಗಲೂ ಒಂದರ ತಳ ಇನ್ನೊಂದರ ಮೂತಿಗೆ ಬಡಿಯುತ್ತದೆ. ಇಲ್ಲಿ ಕ್ರಿಂಪ್ ಇಲ್ಲದಿದ್ದರೆ ಗುಂಡು ಒಳಕ್ಕೆ ಸರಿಯುವ ಸಂಭವ ಹೆಚ್ಚು.

ಎರಡನೆಯದು ದೊಡ್ಡ ಬೇಟೆಯ ಭಾರಿ ರೈಫಲ್ಲುಗಳದು. 1956ರಲ್ಲಿ ಬಂದ 458 ವಿಂಚೆಸ್ಟರ್ ಮ್ಯಾಗ್ನಮ್ ತೋಟಾದಲ್ಲಿ 500 ಗ್ರೇನಿನ, ಎಂದರೆ 32.4 ಗ್ರಾಂ ತೂಕದ ಗುಂಡನ್ನು ಬಳಸುತ್ತಾರೆ. ಹಾರಿಸಿದ ರೈಫಲ್ಲು ಒಂದೂವರೆ ಮಿಲಿಸೆಕೆಂಡಿನಲ್ಲಿ ಸೆಕೆಂಡಿಗೆ 6 ಮೀಟರು ವೇಗದಿಂದ ಹಿಂದಕ್ಕೆ ಒದೆಯುವುದೆಂದು ಇಟ್ಟುಕೊಳ್ಳೋಣ. ಸರಾಸರಿ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 4,000 ಮೀಟರು, ಎಂದರೆ ಗುರುತ್ವದ 400 ಪಟ್ಟು. ಇನ್ನೂ ಹಾರದೆ ಉಳಿದಿರುವ ತೋಟಾದಲ್ಲಿ ಜಡತ್ವದಿಂದ ಗುಂಡಿನ ಮೇಲೆ ಬೀಳುವ ಸರಾಸರಿ ಬಲ 130 ನ್ಯೂಟನ್. ಒದೆತದ ಶಿಖರದಲ್ಲಿ ಇದು ಇನ್ನೂ ಹೆಚ್ಚು. ಪೆಟ್ಟಿಗೆಯಾಕಾರದ ತೋಟಾಮನೆಯಲ್ಲಿ ಗುಂಡಿನ ಮೂತಿ ಮುಂದಿನ ಗೋಡೆಗೆ ಬಡಿದು ಹಿಂದಕ್ಕೆ ಒತ್ತಲ್ಪಡುತ್ತದೆ. ಜೋಡಿನಳಿಗೆಯ ರೈಫಲ್ಲಿನಲ್ಲಾದರೋ ಇನ್ನೊಂದು ನಳಿಗೆಯ ತೋಟಾದ ಕೋಶ ಆಯುಧದೊಡನೆ ಹಿಂದಕ್ಕೆ ಸರಿದು, ಗುಂಡು ಇದ್ದಲ್ಲಿಯೇ ಉಳಿಯಲು ಯತ್ನಿಸಿ ಹೊರಕ್ಕೆ ಎಳೆಯಲ್ಪಡುತ್ತದೆ. ಒಂದು ಒದೆತವನ್ನು ತಾಳಿದ ಹಿಡಿತ ಮೂರು ನಾಲ್ಕು ಒದೆತಗಳನ್ನು ತಾಳುವುದೆಂಬ ಭರವಸೆಯಿಲ್ಲ.

ಮೂರನೆಯದು ಯಂತ್ರವೇ ತೋಟಾವನ್ನು ಕೋಣೆಗೆ ತಳ್ಳುವ ಸ್ವಯಂಚಾಲಿತ ಆಯುಧಗಳದು. ಅಲ್ಲಿ ತೋಟಾ ರಭಸದಿಂದ ಇಳಿಜಾರಿಗೆ ಬಡಿದು, ಕೋಣೆಯೊಳಗೆ ಹೋಗಿ ಥಟ್ಟನೆ ನಿಲ್ಲುತ್ತದೆ. ಸೈನ್ಯದ ತೋಟಾಗಳಿಗೆ ಕ್ರಿಂಪ್ ಹಾಕಿ, ನೀರು ಹೊಗದಂತೆ ಬಾಯಿಗೆ ಅರಗಿನಂತಹ ಲೇಪವನ್ನೂ ಬಳಿಯುವ ವಾಡಿಕೆ ಇಂತಹ ಒರಟು ಬಳಕೆಯನ್ನು ನೆನೆದೇ ಹುಟ್ಟಿದುದು.

ಇದಕ್ಕೆ ಪ್ರತಿಯಾಗಿ, ಮೇಜಿನ ಮೇಲೆ ರೈಫಲ್ಲನ್ನು ಒರಗಿಸಿಟ್ಟು, ಒಂದೊಂದೇ ತೋಟಾವನ್ನು ಕೈಯಿಂದ ಕೋಣೆಗಿಟ್ಟು ಗುರಿ ಹೊಡೆಯುವ ಸ್ಪರ್ಧಿಗಳು ಸಾಮಾನ್ಯವಾಗಿ ಕ್ರಿಂಪನ್ನು ಬಳಸುವುದಿಲ್ಲ. ಅವರು ಕೊರಳಿನ ಗೋಡೆಯನ್ನು ಸುತ್ತಲೂ ಸಮದಪ್ಪಕ್ಕೆ ಕೆತ್ತಿ, ಹಗುರವಾದ ಬಿಗಿಯನ್ನೇ ಎಲ್ಲ ತೋಟಾಗಳಲ್ಲಿಯೂ ಒಂದೇ ಸಮನಾಗಿರಿಸಲು ಶ್ರಮಪಡುತ್ತಾರೆ. ಅವರ ತೋಟಾ ಜಜ್ಜಿಗೆ ಗುರಿಯಾಗುವುದೇ ಇಲ್ಲವಾದುದರಿಂದ ಅದಕ್ಕೆ ಅಗುಳಿ ಬೇಕಿಲ್ಲ. ಎರಡು ಪಕ್ಷಗಳ ವಾದಗಳೂ ತಮ್ಮ ತಮ್ಮ ನೆಲೆಯಲ್ಲಿ ಸರಿಯೇ. ಒಬ್ಬರ ಆವಶ್ಯಕತೆಯನ್ನು ಇನ್ನೊಬ್ಬರಿಗೆ ನಿಯಮವನ್ನಾಗಿ ವಿಧಿಸಿದಾಗಲೇ ಜಗಳ ಹುಟ್ಟುವುದು.

5. ಕ್ರಿಂಪಿನಿಂದ ಹಿಡಿತ ಕುಗ್ಗುವ ಬಗೆ

ಸಡಿಲವಾದ ಕೊರಳಿಗೆ ಕ್ರಿಂಪನ್ನು ಔಷಧವೆಂದು ಹಾಕುವವರುಂಟು. ಇದು ಹುಸಿನಂಬಿಕೆ. ಏಕೆಂದರೆ ಬಲವಾಗಿ ಒತ್ತಿದ ಕ್ರಿಂಪ್ ಕೆಲವು ವೇಳೆ ಇದ್ದ ಬಿಗಿಯನ್ನೂ ಕಳೆಯುತ್ತದೆ. ಕೊರಳನ್ನು ಹೊರಗಿನಿಂದ ಒತ್ತಿದಾಗ ಒಳಗಿನ ಗುಂಡೂ ಒತ್ತಲ್ಪಡುತ್ತದೆ. ಒತ್ತು ತೆಗೆದ ಮೇಲೆ ಗಟ್ಟಿಯಾದ ಹಿತ್ತಾಳೆ ತುಸು ಹೊರಕ್ಕೆ ಮರಳುತ್ತದೆ. ಸೀಸದ ಒಡಲುಳ್ಳ ಗುಂಡು ಅಷ್ಟು ಮರಳದೆ ಕಿರಿದಾಗಿಯೇ ಉಳಿಯುತ್ತದೆ. ಒತ್ತುವುದಕ್ಕೆ ಮೊದಲು ಅಪ್ಪಿಕೊಂಡಿದ್ದ ಎರಡು ಮೈಗಳು ಒತ್ತಿದ ಮೇಲೆ ಸಡಿಲವಾಗುತ್ತವೆ. ಗಾಡಿಯಿಲ್ಲದ ಗುಂಡಿಗೆ ಕ್ರಿಂಪ್ ಹಾಕಿದರೆ ಅದರ ಹೊದಿಕೆಯೂ ವಿಕಾರವಾಗುತ್ತದೆ. ಅಂಚನ್ನು ಮಿತಿಮೀರಿ ಒತ್ತಿದಾಗ ತೆಳುವಾದ ಹೆಗಲು ಕೆಳಗೆ ಕುಸಿದು ಉಬ್ಬಿ, ತೋಟಾ ರೈಫಲ್ಲಿನ ಕೋಣೆಗೇ ಹೋಗದಂತಾಗಬಹುದು.

ಇನ್ನೊಂದು ತೊಡಕು ಕೋಶಗಳ ಉದ್ದದಲ್ಲಿದೆ. ಕ್ರಿಂಪ್ ಹಾಕುವ ಅಚ್ಚು ಒಂದು ನಿಶ್ಚಿತ ಎತ್ತರದಲ್ಲಿ ನಿಂತಿರುತ್ತದೆ. ಹಾರಿಸಿದ ಕೋಶಗಳು ಸಲಸಲಕ್ಕೂ ಸ್ವಲ್ಪ ಸ್ವಲ್ಪ ಉದ್ದವಾಗುತ್ತ ಹೋಗುತ್ತವೆ. ಅವನ್ನು ಒಂದೇ ಉದ್ದಕ್ಕೆ ಕತ್ತರಿಸದಿದ್ದರೆ, ಉದ್ದನೆಯ ಕೋಶಕ್ಕೆ ಹೆಚ್ಚು ಕ್ರಿಂಪ್, ಗಿಡ್ಡ ಕೋಶಕ್ಕೆ ಕಡಮೆ ಕ್ರಿಂಪ್ ಬೀಳುತ್ತದೆ. ಏಕರೂಪತೆಗಾಗಿ ಹಾಕಿದ ಕ್ರಿಂಪೇ ಆಗ ಅಸಮತೆಗೆ ಕಾರಣವಾಗುತ್ತದೆ.

6. ಹಿತ್ತಾಳೆಯ ವಯಸ್ಸು

ಕೊರಳಿನ ಗಡಸುತನ ಸ್ಥಿರವಾದುದಲ್ಲ. ತೋಟಾ ಹಾರಿದಾಗ ಕೊರಳು ಹಿಗ್ಗುತ್ತದೆ, ಅಳತೆಗೆ ತರುವಾಗ ಕುಗ್ಗುತ್ತದೆ, ಗುಂಡು ಕೂರಿಸುವಾಗ ಮತ್ತೆ ಹಿಗ್ಗುತ್ತದೆ. ತಣ್ಣಗಿರುವ ಲೋಹವನ್ನು ಹೀಗೆ ಪದೇ ಪದೇ ವಿಕಾರಗೊಳಿಸಿದರೆ ಅದು ಗಡುಸಾಗುತ್ತದೆ. ತಂತಿಯನ್ನು ಒಂದೇ ಕಡೆ ಹಲವು ಸಲ ಬಾಗಿಸಿ ಮುರಿಯುವವರಿಗೆ ಇದು ಗೊತ್ತಿರುವ ಸಂಗತಿ. ಗಡುಸಾದ ಕೊರಳು ಮಣಿಯುವ ಮಿತಿ ಮೇಲೇರುತ್ತದೆ. ಅಚ್ಚಿನಿಂದ ಹೊರಬಂದಾಗ ಹೆಚ್ಚು ಮರಳಿ, ಅದೇ ಅಚ್ಚಿನಲ್ಲಿ ಬೇರೆಯ ವ್ಯಾಸವನ್ನು ಪಡೆಯುತ್ತದೆ. ಕೊನೆಗೆ ಬಾಯಿಯಲ್ಲಿ ಸೀಳು ಬಿಡುತ್ತದೆ. ಐದು ಸಲ ಬಳಸಿದ ಕೋಶವನ್ನು ಹೊಸ ಕೋಶದ ಜೊತೆಗೆ ಬೆರೆಸಿ ಒಂದೇ ಅಚ್ಚಿನಲ್ಲಿ ಒತ್ತಿದರೆ ಒಂದೇ ಹಿಡಿತ ದೊರೆಯದಿರುವುದಕ್ಕೆ ಇದೇ ಕಾರಣ.

ಇದಕ್ಕೆ ಪರಿಹಾರವೆಂದರೆ ಕೊರಳನ್ನಷ್ಟೇ ಕಾಯಿಸಿ ಹದಗೊಳಿಸುವುದು. ತಳಭಾಗಕ್ಕೆ ಶಾಖ ಮುಟ್ಟಬಾರದು. ಒತ್ತಡವನ್ನು ತಾಳಿಕೊಳ್ಳುವ ಆ ಭಾಗ ಗಡುಸಾಗಿಯೇ ಉಳಿಯಬೇಕು. ಕಾರ್ಖಾನೆಗಳಲ್ಲಿಯೂ ಕೊರಳನ್ನು ಕಾಯಿಸುತ್ತಾರೆ. ಅಮೆರಿಕದ ಸೈನ್ಯದ ತೋಟಾಗಳ ಕೊರಳಿನಲ್ಲಿ ಕಾಣುವ ಮಸುಕು ಬಣ್ಣದ ಛಾಯೆ ಆ ಶಾಖದ ಗುರುತು. ಅದನ್ನು ಉಜ್ಜಿ ತೆಗೆಯದೆ ಹಾಗೆಯೇ ಬಿಡುತ್ತಾರೆ.

7. 1921ರ ಎರಡು ಪಾಠಗಳು

ಹಿಡಿತದ ಪ್ರಶ್ನೆ ಕೇವಲ ಗುರಿಯ ನಯಕ್ಕೆ ಸಂಬಂಧಿಸಿದುದಲ್ಲವೆಂಬುದನ್ನು 1921ರ ಎರಡು ಸಂಗತಿಗಳು ತೋರಿಸುತ್ತವೆ.

ಮೊದಲನೆಯದು ಅಮೆರಿಕದಲ್ಲಿ ನಡೆದುದು. ಆ ವರ್ಷದ ರಾಷ್ಟ್ರೀಯ ಗುರಿ ಸ್ಪರ್ಧೆಗಾಗಿ ಫ್ರ್ಯಾಂಕ್‌ಫರ್ಡ್ ಆಯುಧಾಗಾರವು ಸಿದ್ಧಪಡಿಸಿದ 30-06 ತೋಟಾಗಳ ಗುಂಡುಗಳಿಗೆ ತವರದ ಲೇಪ ಕೊಡಲಾಗಿತ್ತು. ನಳಿಗೆಯೊಳಗೆ ಗುಂಡಿನ ಹೊದಿಕೆಯ ಲೋಹ ಅಂಟದಿರಲೆಂಬುದು ಉದ್ದೇಶ. ಆದರೆ ಕೊರಳಿನ ಒತ್ತಿನಲ್ಲಿ ತವರವು ಹಿತ್ತಾಳೆಯೊಡನೆ ಬೆಸುಗೆ ಹಾಕಿದಂತೆ ಕೂಡಿಕೊಂಡು ಹಿಡಿತವನ್ನು ಬಹುಪಾಲು ಹೆಚ್ಚಿಸಿತು. ಅಂದಿನ ಗುರಿಕಾರರಲ್ಲಿ ಗುಂಡಿಗೆ ಜಿಡ್ಡು ಸವರುವ ಅಭ್ಯಾಸವೂ ಇತ್ತು. ಆ ಜಿಡ್ಡು ಕೊರಳಿಗೂ ರೈಫಲ್ಲಿನ ಕೋಣೆಗೂ ನಡುವಣ ಸಂದಿಯನ್ನು ತುಂಬಿ, ಕೊರಳು ಹಿಗ್ಗಿ ಗುಂಡನ್ನು ಬಿಡದಂತೆ ತಡೆಯಿತು. ಎರಡೂ ಕೂಡಿದಾಗ ಒತ್ತಡ ಅಪಾಯದ ಮಟ್ಟಕ್ಕೇರಿ ರೈಫಲ್ಲುಗಳು ಒಡೆದುವು. ಕೊರಳಿನ ಅಳತೆ ಎಂದಿನಂತೆಯೇ ಇತ್ತು. ಬದಲಾದುದು ಎರಡು ಲೋಹಗಳ ನಡುವಣ ಸಂಬಂಧ. ಸಾವಿರಾಂಶಗಳ ಲೆಕ್ಕ ಇದನ್ನು ಮೊದಲೇ ಸೂಚಿಸಬಲ್ಲದಾಗಿರಲಿಲ್ಲ.

ಎರಡನೆಯದು ನಮ್ಮ ದೇಶಕ್ಕೆ ಸಂಬಂಧಿಸಿದುದು. ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯವು ಮಳೆಗಾಲದಲ್ಲಿ ಚಟುವಟಿಕೆಗಳು ತಗ್ಗಿದಾಗ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇರಿಸುತ್ತಿತ್ತು. ಮಳೆ ಕಳೆದ ಮೇಲೆ ನೋಡಿದರೆ ಅನೇಕ ಕೋಶಗಳು, ಅದರಲ್ಲಿಯೂ ಗುಂಡಿಗೆ ಕ್ರಿಂಪ್ ಮಾಡಿದ ಎಡೆಯಲ್ಲಿ, ಯಾರೂ ಮುಟ್ಟದಿದ್ದರೂ ಬಿರುಕು ಬಿಟ್ಟಿರುತ್ತಿದ್ದುವು. ಇದಕ್ಕೆ ಸೀಸನ್ ಕ್ರ್ಯಾಕಿಂಗ್ ಎಂಬ ಹೆಸರು ಬಂದಿತು. ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ವಿಜ್ಞಾನಿಗಳು ಇದರ ಕಾರಣವನ್ನು ವಿವರಿಸಿದುದು 1921ರಲ್ಲಿ. ಕುದುರೆಯ ಮೂತ್ರದಿಂದ ಹೊರಡುವ ಅಮೋನಿಯ ಅನಿಲವೂ, ತಣ್ಣಗೆ ಎಳೆದು ಒತ್ತಿದ ಹಿತ್ತಾಳೆಯಲ್ಲಿ ಉಳಿದಿದ್ದ ಆಂತರಿಕ ಪ್ರತಿಬಲವೂ ಒಟ್ಟುಗೂಡಿ ಲೋಹವನ್ನು ಸೀಳುತ್ತಿದ್ದುವು. ಎರಡರಲ್ಲಿ ಒಂದಿಲ್ಲದಿದ್ದರೂ ಬಿರುಕಿಲ್ಲ. ಕೋಶಗಳನ್ನು ಮಿತವಾದ ಶಾಖದಲ್ಲಿ ಕಾಯಿಸಿ ಒಳಗಿನ ಪ್ರತಿಬಲವನ್ನು ಕಳೆಯುವುದು, ಅಮೋನಿಯದಿಂದ ದೂರವಿಡುವುದು ಎಂಬ ಎರಡು ಪರಿಹಾರಗಳು ಇದರಿಂದ ದೊರೆತುವು. ಪ್ರತಿಬಲ ಮತ್ತು ರಾಸಾಯನಿಕ ಕ್ರಿಯೆಗಳು ಜೊತೆಗೂಡಿ ಲೋಹವನ್ನು ಮುರಿಯುವ ಈ ವಿದ್ಯಮಾನ ಇಂದು ಲೋಹಶಾಸ್ತ್ರದ ಮುಖ್ಯ ಅಧ್ಯಾಯಗಳಲ್ಲೊಂದು.

ನಮ್ಮ ವಿಷಯಕ್ಕೆ ಇದರಿಂದ ಬರುವ ಬೆಳಕು ಮುಖ್ಯವಾದುದು. ಕೋಶವನ್ನು ತಯಾರಿಸುವಾಗ ಉಳಿದ ಪ್ರತಿಬಲವನ್ನು ಕಾಯಿಸಿ ಕಳೆಯಬಹುದು. ಆದರೆ ಗುಂಡನ್ನು ಕೂರಿಸಿದ ಮೇಲೆ ಹಿಡಿತವೆಂಬುದೇ ಒಂದು ಪ್ರತಿಬಲ. ತೋಟಾ ಪೆಟ್ಟಿಗೆಯಲ್ಲಿರುವಷ್ಟು ವರ್ಷವೂ ಕೊರಳಿನ ಹಿತ್ತಾಳೆ ಹಿಗ್ಗಿಯೇ ನಿಂತಿರುತ್ತದೆ. ಬಿಗಿಯನ್ನು ಬೇಕಾದುದಕ್ಕಿಂತ ಹೆಚ್ಚಿಸಿದವನು, ಕ್ರಿಂಪನ್ನು ಬೇಡದ ಕಡೆ ಒತ್ತಿದವನು, ಲಾಭವಿಲ್ಲದ ಒಂದು ಹೊರೆಯನ್ನು ಆ ಲೋಹದ ಮೇಲೆ ಹೊರಿಸುತ್ತಾನೆ.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ತಿಳಿಯುವುದಿಷ್ಟು. ಕೊರಳಿನ ಬಿಗಿ ಮತ್ತು ಕ್ರಿಂಪ್ ಒಂದಕ್ಕೊಂದು ಪ್ರತಿಸ್ಪರ್ಧಿಗಳಲ್ಲ, ಒಂದರ ಕೊರತೆಯನ್ನು ಇನ್ನೊಂದು ತುಂಬುವಂಥವೂ ಅಲ್ಲ. ಬಿಗಿಯು ಎಲ್ಲ ತೋಟಾಗಳಿಗೂ ಬೇಕಾದ ತಳಹದಿ; ಅದರ ಗುಣವಿರುವುದು ಪ್ರಮಾಣದಲ್ಲಲ್ಲ, ಏಕರೂಪತೆಯಲ್ಲಿ. ಕ್ರಿಂಪ್ ಒರಟು ಬಳಕೆಯ ತೋಟಾಗಳಿಗೆ ಬೇಕಾದ ಕಾವಲು. ಸರಿಯಾದ ಬಿಗಿಯ ಮೇಲೆ, ಗಾಡಿಯುಳ್ಳ ಗುಂಡಿಗೆ, ಸಮನಾದ ಉದ್ದದ ಕೋಶಗಳಲ್ಲಿ ಹಾಕಿದಾಗ ಮಾತ್ರ ಅದು ಫಲಕಾರಿ.

ಇದನ್ನು ಪರೀಕ್ಷಿಸಲು ವಿದ್ಯಾರ್ಥಿಗಳಿಗೆ ತೋಟಾವೂ ಬೇಡ, ಮದ್ದೂ ಬೇಡ. ಒಂದೇ ಅಳತೆಯ ತೆಳು ಹಿತ್ತಾಳೆಯ ಕೊಳವೆಗಳು, ನೂರರಲ್ಲಿ ಒಂದು ಮಿಲಿಮೀಟರಿನಷ್ಟು ಕ್ರಮವಾಗಿ ದಪ್ಪವಾಗುತ್ತ ಹೋಗುವ ಉಕ್ಕಿನ ಕಡ್ಡಿಗಳು, ಎಳೆತದ ಬಲವನ್ನಳೆಯುವ ಯಂತ್ರ ಇಷ್ಟಿದ್ದರೆ ಸಾಕು. ಕೆಲವು ಕೊಳವೆಗಳನ್ನು ಕಾಯಿಸಿ ಮೆದುಗೊಳಿಸಿ, ಕೆಲವನ್ನು ಗಡುಸಾಗಿಯೇ ಬಿಟ್ಟು, ಪ್ರತಿಯೊಂದರಿಂದಲೂ ಕಡ್ಡಿಯನ್ನು ಕೀಳಲು ಬೇಕಾದ ಬಲವನ್ನು ವ್ಯಾಸದ ವ್ಯತ್ಯಾಸಕ್ಕೆದುರಾಗಿ ಗುರುತಿಸಬೇಕು. ರೇಖೆಯು ನೆಟ್ಟಗೆ ಏರಿ ಎಲ್ಲಿ ಬಾಗತೊಡಗುತ್ತದೆಯೋ ಅಲ್ಲಿಗೆ ಹುಕ್ಕನ ನಿಯಮದ ಮೇರೆ ಮುಗಿಯಿತು. ಅದರಿಂದಾಚೆಗೆ ಉದ್ದವನ್ನು ಅಳೆದು ಬಲವನ್ನು ಹೇಳಬಾರದೆಂಬುದು ತೋಟಾಗಳಿಗೆ ಮಾತ್ರ ಅನ್ವಯಿಸುವ ಎಚ್ಚರಿಕೆಯಲ್ಲ. ಅಳತೆಯನ್ನೇ ಜೀವಾಳವಾಗುಳ್ಳ ಎಲ್ಲ ವಿಜ್ಞಾನಗಳಿಗೂ ಅದು ಸಲ್ಲುತ್ತದೆ.